ಪ್ರಶ್ನೆಯ ಶುಕ್ರವಾರ

ಕರ್ತನ ಭೋಜನದ ವಾರ ಬಂತೆಂದರೆ ಲೂಯಿಸ್ ದ್ವೀಪದ ಆ ಹಳ್ಳಿಯಲ್ಲಿ ಯಾರ ಮನೆಯೂ ಬರೀ ಅವರದಾಗಿ ಉಳಿಯುವುದಿಲ್ಲ. ಗುರುವಾರದ ಉಪವಾಸಕ್ಕೆಂದು ಪರವೂರುಗಳಿಂದ ಬಂದ ದೇವಜನರು ಸೋಮವಾರದ ಸ್ತೋತ್ರ ಮುಗಿಸಿಕೊಂಡೇ ಹೊರಡುವುದು. ಈ ಸಲ ಸಭಾಹಿರಿಯ ಟೊರ್ಮಡ್‌ನ ಮನೆಗೆ ಏಳು ಮಂದಿ ಬಂದಿದ್ದರು. ಹಾಸಿಗೆಗಳನ್ನೆಲ್ಲ ಅವರಿಗೆ ಬಿಟ್ಟುಕೊಟ್ಟು ಅವನು ಹಿತ್ತಲ ಕೊಟ್ಟಿಗೆಯಲ್ಲಿ ಮಗ್ಗದ ಪಕ್ಕ ಮಲಗಿ ಎದ್ದಿದ್ದ.

ಶುಕ್ರವಾರ ಬೆಳಿಗ್ಗೆ ಅವನು ಒಳಗೆ ಬಂದಾಗ ಮಾರ್ಸಲಿ ಬಾಗಿಲ ಬಳಿ ಕೂತು ಆಲೂಗಡ್ಡೆ ತೊಳೆಯುತ್ತಿದ್ದಳು. ಒಂದು ಕಾಲದಲ್ಲಿ ಅವಳು ಈ ಮನೆಯ ಸೊಸೆ. ಮೂರು ವರ್ಷದ ಹಿಂದೆ ಕೋರ್ಟಿನ ಕಾಗದ ಬಂದು, ಅವಳಿಗೂ ಟೊರ್ಮಡ್‌ನ ಮಗ ರೂರಿಗೂ ಇದ್ದ ಸಂಬಂಧ ಕಡಿದುಹೋಗಿತ್ತು. ಹಾಗಿದ್ದೂ, ಕೂಗಳತೆಯಲ್ಲಿದ್ದ ತನ್ನ ಮನೆಯಿಂದ ಬಂದು ಕೈಜೋಡಿಸುವುದನ್ನು ಅವಳು ಬಿಟ್ಟಿರಲಿಲ್ಲ. ಅತ್ತೆ, ಮಾವ ಎಂದು ಕರೆಯುವುದನ್ನೂ ಬಿಟ್ಟಿರಲಿಲ್ಲ.

"ನಿಮ್ಮ ಪಾದ್ರಿಗಳ ಪ್ರಸಂಗ ಎಷ್ಟುದ್ದ ಇರುತ್ತಮ್ಮಾ?" ಎಂದು ಬೆಂಕಿಯ ಪಕ್ಕದಿಂದ ಕೇಳಿದಳು ನೆಂಟರ ಪೈಕಿಯ ಮುದುಕಿ ಪೆಗಿ. "ನಮ್ಮೋರದು ಮೂರು ಪೆಪ್ಪರಮಿಂಟು. ಮೂರನೇದು ಬಾಯಲ್ಲಿ ಕರಗೋ ಹೊತ್ತಿಗೆ ಸರಿಯಾಗಿ ಆಮೆನ್ ಅಂತಾರೆ."

"ಇವರದು ಐದು, ಅಜ್ಜಿ. ಕಚ್ಚಿ ತಿಂದ್ರೆ ಎಂಟು ಬೇಕು."

"ಹಾಗಾದ್ರೆ ನನ್ನ ಪಕ್ಕಾನೇ ಕೂತ್ಕೋ. ನಂದು ಮುಗಿದ್ರೆ ನಿಂದು ಕಸ್ಕೋತೀನಿ."

"ನಾನು ಕೂರೋದು ಹಿಂದಿನ ಬೆಂಚಲ್ಲಿ, ಬಾಗಿಲ ಪಕ್ಕ," ಎಂದಳು ಮಾರ್ಸಲಿ.

ಪೆಗಿ ಬೆಂಕಿಯತ್ತ ತಿರುಗಿಕೊಂಡಳು. ಕರ್ತನ ಭೋಜನದ ಮೇಜಿಗೆ ಬರಲಾಗದವರು ಕೂರುವ ಬೆಂಚು ಯಾವುದೆಂದು ಎಲ್ಲ ಊರಿನವರಿಗೂ ಗೊತ್ತು.

ಟೊರ್ಮಡ್ ಚಹಾದ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದ. ಅವಳ ದನಿಯಲ್ಲಿ ದೂರಿರಲಿಲ್ಲ, ಅದೇ ಅವನನ್ನು ಚುಚ್ಚಿತು. ತನ್ನ ಮನೆಯ ದಾರಿ ಹೇಳಿದಷ್ಟು ಸಲೀಸಾಗಿ ಹೇಳಿದ್ದಳು.

ಮೂರು ವರ್ಷದ ಹಿಂದೆ ಹಿರಿಯರ ಸಭೆ ಈ ವಿಷಯಕ್ಕಾಗಿಯೇ ಸೇರಿತ್ತು. ಗಂಡ ಬಿಟ್ಟುಹೋದ ಅಂತ ಮಾರ್ಸಲಿ ಹೇಳಿದ್ದಳು. ಅವಳೇ ಅಗುಳಿ ಹಾಕಿಕೊಂಡು ಹೊರಗೆ ನಿಲ್ಲಿಸಿದಳು ಅಂತ ರೂರಿ ಗ್ಲಾಸ್ಗೋದಿಂದ ಬರೆದಿದ್ದ. ವ್ಯಭಿಚಾರ ನಡೆದಲ್ಲಿ ಬಿಡುಗಡೆಯುಂಟೆಂದು ಯೇಸುವಿನ ಮಾತಿದೆ. ಸಂಗಾತಿ ತೊರೆದುಹೋದರೆ ಉಳಿದವರು ಆ ಬಂಧನಕ್ಕೆ ಒಳಪಟ್ಟವರಲ್ಲವೆಂದು ಪೌಲನೂ ಬರೆದಿದ್ದಾನೆ. ಆದರೆ ಯಾರು ಯಾರನ್ನು ತೊರೆದರು? ಇಬ್ಬರು ಸಾಕ್ಷಿಗಳಿಲ್ಲದೆ ತೀರ್ಮಾನ ಹೇಳುವಂತಿಲ್ಲ. ದೇವರು ಪತ್ನೀತ್ಯಾಗವನ್ನು ದ್ವೇಷಿಸುತ್ತಾನೆ ಎಂದು ಮಲಾಕಿಯ ಪುಸ್ತಕ ತೆರೆದು ತೋರಿಸಿದ್ದ ಹಿರಿಯ ಫಿನ್ಲೇ. ಸತ್ಯ ತಿಳಿಯುವ ತನಕ ಕಾಯೋಣ ಎಂದರು ಎಲ್ಲರೂ. ಅಲ್ಲಿಯ ತನಕ ಮಾರ್ಸಲಿ ಮೇಜಿಗೆ ಬರುವಂತಿಲ್ಲ ಎಂದಾಯಿತು.

ಸತ್ಯ ಬರಲು ಒಂದೇ ವಾರ ಸಾಕಾಯಿತು. ಬಂದದ್ದು ಟೊರ್ಮಡ್‌ನ ಹೆಸರಿಗೆ, ಅಂಚೆಯಲ್ಲಿ. ತಾನು ಇಲ್ಲಿ ಇನ್ನೊಬ್ಬಳ ಜೊತೆ ಇದ್ದೇನೆ, ಮಗುವೂ ಆಗಿದೆ, ಮಾರ್ಸಲಿ ಯಾವ ಅಗುಳಿಯನ್ನೂ ಹಾಕಿರಲಿಲ್ಲ, ಅಮ್ಮನಿಗೆ ಮಾತ್ರ ಹೇಳಬೇಡ ಎಂದು ರೂರಿ ಬರೆದಿದ್ದ. ಸ್ವಂತ ಮನೆಯನ್ನು ಕ್ರಮದಲ್ಲಿಟ್ಟುಕೊಳ್ಳದವನು ಸಭಾಹಿರಿಯನಾಗಿ ಹೇಗೆ ಉಳಿದಾನು? ಹೆಂಡತಿ ಶೋನಾಗ್‌ಳ ಗುಂಡಿಗೆಯೂ ಮೊದಲಿನಂತಿರಲಿಲ್ಲ. ಮುಂದಿನ ಭೋಜನದ ಹೊತ್ತಿಗೆ ಹೇಳೋಣ ಅಂದುಕೊಂಡ. ಅಂದುಕೊಳ್ಳುತ್ತಲೇ, ವರ್ಷಕ್ಕೆರಡರಂತೆ, ಆರು ಭೋಜನಗಳು ಕಳೆದವು. ಕಾಗದ ಅವನ ಕರಿ ಕೋಟಿನ ಒಳಜೇಬಿನಲ್ಲಿತ್ತು. ದೇವಾಲಯಕ್ಕೆ ಹೋಗುವಾಗ ಮಾತ್ರ ತೊಡುವ ಕೋಟು ಅದು.

ಅವನು ಬಟ್ಟಲು ಕೆಳಗಿಟ್ಟು ಹೆಂಡತಿಯನ್ನು ಕೊಟ್ಟಿಗೆಗೆ ಕರೆದ. ಮಗ್ಗದ ಮುಂದಿನ ಹಲಗೆಯ ಮೇಲೆ ಕೂರಿಸಿ, ಕೋಟಿನಿಂದ ಕಾಗದ ತೆಗೆದು ನಿಧಾನಕ್ಕೆ ಪೂರ್ತಿ ಓದಿದ.

ಶೋನಾಗ್ ಮಗ್ಗದ ಮೇಲಿದ್ದ ಅರ್ಧ ನೇಯ್ದ ಉಣ್ಣೆಬಟ್ಟೆಯನ್ನು ಸವರುತ್ತ ಕೂತಳು.

"ಮಗು ಗಂಡೋ ಹೆಣ್ಣೋ?"

"ಬರೆದಿಲ್ಲ."

"ಅದನ್ನೂ ಬರೆಯೋಕಾಗ್ಲಿಲ್ವಾ ಅವನಿಗೆ?" ಕಣ್ಣು ಒರೆಸಿಕೊಂಡಳು. "ಮೂರು ವರ್ಷದಿಂದ ನಮ್ಮ ಮನೆ ಮೀನಿಗೆ ಉಪ್ಪು ಹಾಕ್ತಿರೋದು ಆ ಹುಡುಗಿ. ಇದನ್ನ ಜೇಬಲ್ಲಿ ಇಟ್ಕೊಂಡು ಅವಳ ಕೈಲಿ ಊಟ ಮಾಡಿದ್ರಲ್ಲಾ ನೀವು!"

"ನಿನ್ನ ಗುಂಡಿಗೆಗೆ ಏನಾದ್ರೂ ಆದೀತು ಅಂತ..."

"ನನ್ನ ಗುಂಡಿಗೇನ ಅಡ್ಡ ಇಟ್ಕೋಬೇಡಿ. ನಿಮ್ಮ ಹಿರಿಯರ ಕುರ್ಚಿ ಅಂತ ಹೇಳಿ."

ಅವನು ಕಾಗದ ಮಡಚಿದ. ಮಾತು ಸರಿಯಾಗಿಯೇ ಇತ್ತು.

ಶುಕ್ರವಾರದ ಆರಾಧನೆಗೆ ಆ ಸೀಮೆಯಲ್ಲಿ ಪ್ರಶ್ನೆ ಅಂತಲೇ ಹೆಸರು. ಅಂದು ಪ್ರಸಂಗ ಪಾದ್ರಿಗಳದಲ್ಲ. ಹಿರಿಯನೊಬ್ಬ ಎದ್ದು ವಾಕ್ಯವೊಂದನ್ನು ಮುಂದಿಟ್ಟು, ದೇವರ ಮಕ್ಕಳ ಗುರುತೇನು ಎಂದು ಕೇಳುತ್ತಾನೆ. ಪಾದ್ರಿ ಹೆಸರು ಕರೆದ ಗಂಡಸರು ಒಬ್ಬೊಬ್ಬರಾಗಿ ಎದ್ದು ತಮ್ಮ ಬಾಳಿನಲ್ಲಿ ಕಂಡುಂಡದ್ದನ್ನು ಹೇಳುತ್ತಾರೆ. ಈ ಸಲ ಪ್ರಶ್ನೆ ಇಡುವ ಸರದಿ ಟೊರ್ಮಡ್‌ನದು. ಯಾರಿಗೂ ನೋಯದಂಥ ಕೀರ್ತನೆಯ ಸಾಲೊಂದನ್ನು ಅವನು ತಿಂಗಳ ಹಿಂದೆಯೇ ಆರಿಸಿಟ್ಟುಕೊಂಡಿದ್ದ.

ಪಾದ್ರಿ ಮೆಕ್ಆಸ್ಕಿಲ್ ಅವನತ್ತ ನೋಡಿ ತಲೆಯಾಡಿಸಿದರು. ಟೊರ್ಮಡ್ ಎದ್ದು ನಿಂತ. ಕೀರ್ತನೆಯನ್ನು ತೆರೆಯಲಿಲ್ಲ.

"ಮಲಾಕಿ, ಎರಡನೇ ಅಧ್ಯಾಯ," ಎಂದ. "ಯಜ್ಞವೇದಿ ಕಣ್ಣೀರಲ್ಲಿ ತೊಯ್ದುಹೋಗಿದೆ ಅಂತಾನೆ ಪ್ರವಾದಿ. ಯೌವನದಲ್ಲಿ ಕೈಹಿಡಿದ ಹೆಂಡತಿಗೆ ದ್ರೋಹ ಮಾಡಿದವನಿಗೂ ಆ ಹೆಂಡತಿಗೂ ನಡುವೆ ಕರ್ತನೇ ಸಾಕ್ಷಿ ಅಂತಾನೆ. ನನ್ನ ಪ್ರಶ್ನೆ ಇದು. ಒಡಂಬಡಿಕೆ ಮುರಿದವರು ಯಾರು, ಮುರಿದ ಚೂರುಗಳನ್ನ ಆಯ್ಕೊಂಡು ಉಳಿದವರು ಯಾರು, ಗುರುತು ಹಿಡಿಯೋದು ಹೇಗೆ? ಕರ್ತನೇ ಸಾಕ್ಷಿಯಾಗಿ ನಿಂತಿರುವಾಗ, ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತವನ ಗುರುತೇನು? ಕೊನೇದನ್ನ ನಾನು ಬಲ್ಲೆ. ಅವನು ಮುಂದಿನ ಬೆಂಚಲ್ಲಿ ಕೂರ್ತಾನೆ."

ಎಲ್ಲೋ ಒಂದು ಪೆಪ್ಪರಮಿಂಟು ಕಟಕ್ಕೆಂದಿತು, ಅಷ್ಟೇ. ಪಾದ್ರಿ ಫಿನ್ಲೇಯ ಹೆಸರು ಕರೆದರು.

ಫಿನ್ಲೇ ಬೆಂಚು ಹಿಡಿದುಕೊಂಡು ಎದ್ದ. "ಆ ಅಧ್ಯಾಯದಿಂದ ಒಂದು ಮಾತನ್ನ ನಾನು ಹಿಂದೊಮ್ಮೆ ಕಿತ್ಕೊಂಡು ಬಂದಿದ್ದೆ. ಅದರ ಮೇಲಿನ ಸಾಲುಗಳನ್ನ ಅಲ್ಲೇ ಬಿಟ್ಟಿದ್ದೆ. ಬಾಗಿಲು ಹಾಕೋಕೆ ಅಷ್ಟೇ ಸಾಕಾಗಿತ್ತು ನನಗೆ. ಆದರೆ ಪ್ರವಾದಿ ಅಳ್ತಾ ಇದ್ದದ್ದು ಬಾಗಿಲ ಹೊರಗೆ ಉಳಿದವಳಿಗಾಗಿ. ಇನ್ನೇನೂ ತೋಚ್ತಿಲ್ಲ." ಕೂತುಬಿಟ್ಟ.

ಆರಾಧನೆ ಮುಗಿದ ಮೇಲೆ ಹಿರಿಯರು ಒಳಕೋಣೆಯಲ್ಲಿ ಸೇರಿದರು. ಟೊರ್ಮಡ್ ಕಾಗದವನ್ನು ಮೇಜಿನ ಮೇಲಿಟ್ಟ. ಪಾದ್ರಿ ಓದಿದರು.

"ಮೂರು ವರ್ಷವಾ, ಟೊರ್ಮಡ್?" ಎಂದ ಫಿನ್ಲೇ.

"ಮೂರು."

ಮಾರ್ಸಲಿಯ ಹೆಸರನ್ನು ಮೇಜಿಗೆ ಬರುವವರ ಪಟ್ಟಿಗೆ ಮತ್ತೆ ಸೇರಿಸಲು ಒಬ್ಬರೂ ಅಡ್ಡಿ ಹೇಳಲಿಲ್ಲ. ಟೊರ್ಮಡ್ ತಾನೇ ಹಿರಿಯನ ಸ್ಥಾನ ಬಿಟ್ಟುಕೊಟ್ಟ. ಈ ಸಲ ಮೇಜಿಗೂ ಬರುವುದಿಲ್ಲ ಎಂದ.

"ಪಶ್ಚಾತ್ತಾಪಪಟ್ಟವನಿಗೆ ಮೇಜು ಮುಚ್ಚಿಲ್ಲ," ಎಂದರು ಪಾದ್ರಿ ಮೆತ್ತಗೆ.

"ಬಲ್ಲೆ ಅಯ್ಯನವರೇ. ಆದ್ರೆ ಕಾಣಿಕೆ ಇಡೋಕೆ ಮುಂಚೆ ನೊಂದವರ ಹತ್ರ ಹೋಗು ಅಂತ ಕರ್ತನೇ ಅಂದಿದ್ದಾನಲ್ಲ. ನಾನಿನ್ನೂ ಹೋಗಿಲ್ಲ."

ಶನಿವಾರ ಆರಾಧನೆಯ ಕೊನೆಗೆ, ಮೇಜಿಗೆ ಬರುವವರಿಗೆ ಕೊಡುವ ಸೀಸದ ಪುಟ್ಟ ಬಿಲ್ಲೆಯನ್ನು ಫಿನ್ಲೇಯೇ ಮಾರ್ಸಲಿಯ ಕೈಗಿಟ್ಟ. ಅವಳು ಅದನ್ನು ಕೈಗವಸಿನೊಳಗೆ ಸೇರಿಸಿಕೊಂಡು ನೇರ ಬಾವಿಗೆ ಹೋದಳು. ಭಾನುವಾರ ದೇವರ ದಿನ, ಅಲ್ಲಿ ಯಾರೂ ನೀರು ಸೇದುವುದಿಲ್ಲ; ಎರಡು ದಿನದ ನೀರು ಇಂದೇ ಆಗಬೇಕು. ಟೊರ್ಮಡ್ ಹಿಂದೆಯೇ ಹೋಗಿ ಒಂದು ಕೊಡ ಎತ್ತಿಕೊಂಡ.

"ಕಾಗದ ನನಗೆ ಆಗ್ಲೇ ಬಂದಿತ್ತು, ಮಾರ್ಸಲಿ."

"ಅತ್ತೆ ಹೇಳಿದ್ರು."

"ತಪ್ಪಾಯ್ತು ತಾಯಿ. ದೇವರ ಮುಂದೆ, ನಿನ್ನ ಮುಂದೆ."

ಅರ್ಧ ದಾರಿ ನಡೆದರು. ಆಮೇಲೆ ಅವಳು ಕೊಡ ಕೆಳಗಿಟ್ಟಳು. "ಚೆನ್ನಾಗಿ ಬೈಬೇಕು ಅಂತ ಬಾಯಿಗೆ ಬರ್ತಿದೆ ಮಾವ. ನಾಳೆ ಮೇಜಿಗೆ ಹೋಗೋಳು, ಇವತ್ತು ಹೇಗೆ ಬೈಲಿ?"

"ಸೋಮವಾರ ಬೈಯಿ."

"ಸೋಮವಾರ ಸ್ತೋತ್ರ."

"ಮಂಗಳವಾರ."

"ಮಂಗಳವಾರ ಬರ್ತೀನಿ. ಮಗ್ಗದ ಸದ್ದು ನಿಲ್ಸಿ ಕೂತಿರಿ." ಕೊಡ ಎತ್ತಿಕೊಂಡು ಮುಂದೆ ನಡೆದಳು.

ಭಾನುವಾರ ಟೊರ್ಮಡ್ ಹಿಂದಿನ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂತ. ಅಲ್ಲಿ ಗಾಳಿ ಬೀಸುತ್ತಿತ್ತು. ಇಷ್ಟು ವರ್ಷ ಮುಂದೆ ಕೂತವನಿಗೆ ಅದು ತಿಳಿದಿರಲಿಲ್ಲ. ಮಾರ್ಸಲಿ ಬಂದವಳು ಅಭ್ಯಾಸಬಲದಿಂದ ಅದೇ ಬೆಂಚಿಗೆ ತಿರುಗಿದಳು. ಅವನು ಸರಿದು ಜಾಗ ಕೊಟ್ಟ.

ಪ್ರಸಂಗ ಮುಗಿದು, ಬಿಳಿ ಬಟ್ಟೆ ಹಾಸಿದ ಮೇಜಿಗೆ ಪಾದ್ರಿ ಕರೆದರು. ಹಾಡು ಹೇಳಿಕೊಡುವವನು ಕೀರ್ತನೆಯ ಸಾಲು ಎತ್ತಿಕೊಂಡ. ಸಭೆಯ ದನಿ ಅಲೆಯ ಹಾಗೆ ಅದರ ಹಿಂದೆಯೇ ಏರಿ ಬಂತು. ಮಾರ್ಸಲಿ ಎದ್ದು ಕೈಗವಸು ಬಿಚ್ಚಿದಳು. ಅಂಗೈಯಲ್ಲಿ ಎರಡಿದ್ದವು, ಸೀಸದ ಬಿಲ್ಲೆ ಮತ್ತು ಒಂದು ಬಿಳಿ ಪೆಪ್ಪರಮಿಂಟು. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದನ್ನು ಅವನ ಕೈಗೆ ಹಾಕಿದಳು.

"ಇದು ಕೊನೇದು ಮಾವ. ಕಚ್ಚಬೇಡಿ," ಎಂದು ಪಿಸುಗುಟ್ಟಿ ಮೇಜಿನತ್ತ ನಡೆದಳು.

ಅದು ಅವಳ ಕೈಯ ಬಿಸಿಯಲ್ಲೇ ಇತ್ತು. ಟೊರ್ಮಡ್ ಅದನ್ನು ನಾಲಿಗೆಯ ಮೇಲಿಟ್ಟುಕೊಂಡ. ಮೇಜಿನ ಸುತ್ತ ರೊಟ್ಟಿ ಕೈಯಿಂದ ಕೈಗೆ ಹೋಗಿ ಅವಳ ಕೈ ತಲುಪುವ ತನಕ, ಕಚ್ಚದೆ, ಅದು ತಾನಾಗಿ ಕರಗಲೆಂದು ಕಾದ.