ಕೊಸರು ಸುತ್ತು

ತಂತಿಯ ತುದಿ ಮತ್ತೆ ತೂತು ತಪ್ಪಿ ಹೆಬ್ಬೆರಳಿಗೆ ಚುಚ್ಚಿತು, ನೋವಾಗಲಿಲ್ಲ, ಬೆಳಗಿನಿಂದ ಏನೂ ಆಗುತ್ತಿಲ್ಲ, ಚಹಾ ಕುಡಿದೆನೋ ಇಲ್ಲವೋ ಅದೂ ನೆನಪಿಲ್ಲ, ಕೈಯಲ್ಲಿ ಈ ಕೆಂಪು ಉಂಗುರ, ಹ್ಯಾಮ್ ರೇಡಿಯೋ ಕಿಟ್ಟಿನದು, ಇದಕ್ಕೆ ಸಣ್ಣ ತಾಮ್ರದ ತಂತಿ ಸುತ್ತಬೇಕು, ಇವರೇ ಸುತ್ತುತ್ತಿದ್ದರು, ಔಷಧಿ ಶುರುವಾದ ಮೇಲೆ ಇವರ ಬೆರಳು ನಡುಗುತ್ತವೆ — ಎರ್ರೀ, ಜಗ್ಗಿ ಹಿಡಿ, ಸಡ್ಲ ಬಿಡಬ್ಯಾಡ — ಹೂಂ ರೀ. ಎದುರಿಗೆ ಕೂತಿದ್ದಾರೆ ನನ್ನ ಗಂಡ ತಿಪ್ಪೇಶ, ನಾಳೆ ಬಳ್ಳಾರಿಯಲ್ಲಿ ಗಂಟಲ ಆಪರೇಷನ್, ಗಡ್ಡೆ ಜೊತೆ ಧ್ವನಿಪೆಟ್ಟಿಗೇನೂ ತೆಗೀಬೇಕಮ್ಮ ಅಂದರು ಡಾಕ್ಟರು, ಪೆಟ್ಟಿಗೆಯಂತೆ, ಟ್ರಂಕು ಎತ್ತಿಡುವ ಹಾಗೆ ಅಂದುಬಿಟ್ಟರು, ನಾನೂ ಆಯ್ತ್ರಿ ಅಂದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟು ಮುಗಿಸಿ ಬಂದು ಮಾಳಿಗೆ ಮೇಲೆ ಮೈಕು ಹಿಡಿದು ಊರೂರಿನವರ ಜೊತೆ ಹರಟುತ್ತಿದ್ದ ಮನುಷ್ಯ, ಇನ್ನು ಟೆಲಿಗ್ರಾಂ ಆಫೀಸಿನವರ ಹಾಗೆ ಟಿಕ್ ಟಿಕ್ ಅಂತ ಕೀ ಒತ್ತಿಯೇ ಮಾತಾಡಬೇಕು, ಅದಕ್ಕೇ ಈ ಹೊಸ ಸೆಟ್ಟು, ಆ ಟಿಕ್ ಟಿಕ್ ನನಗೆ ಬಾರದು — ಕಲೀಲೇ ಅಂತ ಎಷ್ಟು ಸಲ ಹೇಳೀನಿ — ಹೇಳಿದ್ದರು ಹೌದು, ನಾನು ಒಲೆ ಬಿಟ್ಟು ಏಳಬೇಕಲ್ಲ, ಇನ್ನು ಊರಿಗೆಲ್ಲ ಇವರ ಮಾತು ತಿಳಿಯುತ್ತದೆ, ನನಗೊಬ್ಬಳಿಗೇ ಇಲ್ಲ, ಹೊಟ್ಟೆಕಿಚ್ಚಾದರೂ ಬರಬೇಕಿತ್ತು, ಅದೂ ಬರುತ್ತಿಲ್ಲ.

ತಂತಿ ತೂರಿಸಿ ಒಂದು ಬಳಸು ಬಳಸಿ, ಲಾಭ, ಎರಡು, ಮೂರು — ಕಂಪ್ಲಿಯ ಅಂಗಡಿಯಲ್ಲಿ ಅಪ್ಪ ಅಕ್ಕಿ ಅಳೆಯುವಾಗ ಒಂದು ಅಂದವನೇ ಅಲ್ಲ, ಲಾಭ ಅಂತಲೇ ಶುರು, ಕೊನೆಗೊಂದು ಹಿಡಿ ಕೊಸರು, ನನ್ನ ಬಾಯಿಗೂ ಅದೇ ರೂಢಿ — ಆತೇನು? ಆತ್ರೀ, ಸರಿ ಅದಾವ — ತಾ ಇಲ್ಲಿ, ಒಂದು ಹೆಚ್ಚೈತಿ, ತಂತಿ ಮೊದ್ಲ ತೂತಿನಾಗ ತೂರಿದ್ದೂ ಒಂದು ಸುತ್ತೇ, ಅದನ್ನ ಎಣಿಸೇ ಇಲ್ಲ ನೀನು, ಕೊಸರು ಹಾಕಾಕ ಇದೇನು ನಿಮ್ಮಪ್ಪನ ಅಂಗಡೇನಲೇ? ನಕ್ಕರು, ನಗು ಕೆಮ್ಮಾಯಿತು, ಗೋಣಿಚೀಲ ಹರಿದಂಥ ಧ್ವನಿ, ಆದರೂ ಇವರದೇ. ನಾಳೆಯೊಳಗೆ ನನಗೆ ಏನಾದರೂ ಹೇಳುತ್ತಾರೆಂದು ಕಾಯುತ್ತಿದ್ದೇನೆ, ಇವರು ನೋಡಿದರೆ ಸುತ್ತಿನ ಲೆಕ್ಕ ಹೇಳುತ್ತಿದ್ದಾರೆ. ಹೆಚ್ಚಿನದೊಂದು ಬಿಚ್ಚಿದೆ, ಹಾಂ, ಈಗ ಮಸ್ತ್ ಆತು ನೋಡು, ಅಂದು ಬಾಯಿ ಮುಚ್ಚಿದರು, ಇವರ ಧ್ವನಿಯಿಲ್ಲದ ನಾಳಿದ್ದಿನ ಮನೆ ಇವತ್ತೇ ಬಂದು ಎದುರಿಗೆ ಕೂತಿತು, ಅಯ್ಯೋ ಶಿವನೇ, ನನಗೆ ಹೆದರಿಕೆಯಾಗುತ್ತಿದೆ, ಭಾಳ ಹೆದರಿಕೆ — ಸರಿಯಿದ್ದ ಸುತ್ತುಗಳನ್ನೆಲ್ಲ ಬೇಕಂತಲೇ ಬಿಚ್ಚಿಬಿಟ್ಟೆ, ರೀ, ಕೈ ತಪ್ಪಿತ್ರೀ, ಈ ಸಲ ನೀವೇ ಎಣಿಸ್ರಿ, ನಂಗ ಕೇಳೋ ಹಂಗ ಎಣಿಸ್ರಿ. ಬಿಚ್ಚಿದ ತಂತಿ ನೋಡಿದರು, ನನ್ನನ್ನು ನೋಡಿದರು, ಬಯ್ಯಲಿಲ್ಲ, ಒಂದು, ಅಂದರು, ಧ್ವನಿಪೆಟ್ಟಿಗೆ ಇರುವ ಗಂಟಲ ಉಬ್ಬು ಮೇಲೆ ಹೋಯಿತು, ಎರಡು, ಕೆಳಗಿಳಿಯಿತು, ನಾನು ನಿಧಾನ ಸುತ್ತುತ್ತೇನೆ, ಇನ್ನೂ ನಿಧಾನ, ಮೂರು, ಗಂಟಲ ಉಬ್ಬು ಮೇಲೆ, ಗಂಟಲ ಉಬ್ಬು —