ಹೊಲಿಗೆ ಮಶೀನಿನ ಜಾಗ

“ಎತ್ರಿ, ಹೊತ್ತಾತು,” ಎಂದು ಖಂಡಪ್ಪಕಾಕಾ ಕೂಗಿದ. ನಾಲ್ವರು ಬಗ್ಗಿ ಸಿದಿಗೆಗೆ ಹೆಗಲು ಕೊಡುವಷ್ಟರಲ್ಲಿ ರೇಣಮ್ಮ ಬಾಗಿಲಿಗೆ ಅಡ್ಡ ನಿಂತಳು.

“ತಡೀರಿ. ಅವ್ವನ್ನ ಈ ಬಾಗಲದಿಂದ ಒಯ್ಯಬ್ಯಾಡ್ರಿ.”

ಗಂಡ ಹಣಮಂತ್ರಾಯನ ಮುಖ ಸಣ್ಣದಾಯಿತು. “ಹತ್ತು ವರ್ಷ ನನ್ನ ಮನ್ಯಾಗ ಉಂಡಾಳ. ಇವತ್ತ ಈ ಬಾಗಲಕ್ಕೇನಾತು?”

ರೇಣಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಒಳ್ಳೆಯ ಗಂಡ ಅವನು, ಅತ್ತೆಗೆ ಒಂದು ದಿನವೂ ಎದುರಾಡಿದವನಲ್ಲ. ಆದರೆ ಅಳಿಯನ ಮನೆಯಲ್ಲಿ ಪ್ರಾಣ ಬಿಡಬಾರದು ಎಂಬುದು ಅವ್ವ ಮಲಕಮ್ಮನ ಹಟ. ಜ್ವರ ಬಂದಾಗಲೆಲ್ಲ ಹಾಸಿಗೆ ಸುತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಮಲಗುತ್ತಿದ್ದಳು, ಇಳಿದ ಮೇಲೆ ಒಳಗೆ ಬರುತ್ತಿದ್ದಳು. ಓಣಿಯವರು ನಗುತ್ತಿದ್ದರು. ಈ ಸಲ ಜ್ವರವೇ ಬರಲಿಲ್ಲ. ಬೆಳಗಿನ ಜಾವದ ನಿದ್ದೆಯಲ್ಲೇ ಹೋಗಿಬಿಟ್ಟಳು, ಪಾಪ, ಕಟ್ಟೆಗೆ ಹೋಗಲು ಪುರಸೊತ್ತೇ ಸಿಗಲಿಲ್ಲ.

*

ಸಾಯಲಿಕ್ಕೆ ಆಕೆಗೆ ತನ್ನದೇ ಮನೆಯಿತ್ತು. ಯಾದಗಿರಿಯಲ್ಲೇ, ಎರಡು ಓಣಿ ಆಚೆ. ಗಂಡುಮಕ್ಕಳಿಲ್ಲದ ಅಪ್ಪ ಅದನ್ನು ಮಗಳ ಹೆಸರಿಗೆ ಮಾಡಿ ಸತ್ತಿದ್ದ. ಆದರೆ ಅವನ ಕಾಲದಿಂದಲೂ ಅಲ್ಲಿ ದರ್ಜಿ ಮಕ್ತುಮಸಾಬ ಬಾಡಿಗೆಗಿದ್ದ. ನಿಜಾಮನ ರಾಜ್ಯ ಹೋಯಿತು, ಅವನ ಹಾಲಿ ಸಿಕ್ಕಾ ರೂಪಾಯಿ ಹೋಯಿತು, ಬಾಡಿಗೆದಾರ ಮಾತ್ರ ಹೋಗಲಿಲ್ಲ. ಬಾಡಿಗೆ ತಪ್ಪದವನನ್ನು ಸುಮ್ಮನೆ ಬಿಡಿಸುವಂತಿಲ್ಲ, ಮಾಲಕರಿಗೆ ಇರಲು ಬೇರೆ ಮನೆ ಇಲ್ಲದಿದ್ದರೆ ಮಾತ್ರ ಎಂದು ಹೊಸ ಕಾಯ್ದೆ ಬಂತು.

ಎರಡು ವರ್ಷದ ಹಿಂದೆ, ಮನೆ ಬಿಡಿಸಿಕೊಡಿ ಎಂದು ಅರ್ಜಿ ಹಾಕಿ, ಮಲಕಮ್ಮ ಕಚೇರಿಯಲ್ಲಿ ತಾನೇ ಸಾಹೇಬರ ಮುಂದೆ ನಿಂತಳು. ರೇಣಮ್ಮ ಹಿಂದೆ ಸೆರಗು ಹಿಡಿದು ನಿಂತಿದ್ದಳು.

“ಇರಾಕ ಮಗಳ ಮನಿ ಅದಲ್ಲಮ್ಮ?”

“ಇರಾಕ ಅದರಿ ಸಾಹೇಬ್ರ. ಸಾಯಾಕ ಇಲ್ಲ.”

ಗುಮಾಸ್ತರು ನಕ್ಕರು. ಸಾಹೇಬರು ನಗಲಿಲ್ಲ. ಲೆಕ್ಕಣಿಕೆ ಕೆಳಗಿಟ್ಟು ಅರ್ಜಿಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಅರ್ಜಿ ವಜಾ ಮಾಡಿದರು. ಬದುಕಿರುವವರಿಗಾಗಿ ಬರೆದ ಕಾಯ್ದೆ ಅದು, ಅವರಾದರೂ ಏನು ಮಾಡಿಯಾರು?

ಹೊರಗೆ ದರ್ಜಿಯ ಹೆಂಡತಿ ಖಾಸಿಂಬೀ ಎದುರಾದಳು. “ನಿಜಾಮ ಹೋದ ಗಡಿಬಿಡಿ ವರ್ಷದಾಗೂ ಊರು ಬಿಡಲಿಲ್ಲ ಅಕ್ಕಾ. ಈಗ ಬಿಟ್ಟು ಎಲ್ಲಿಗಿ ಹೋಗೂಣು?”

“ನಾ ಸಾಯೂತನಕ ನಿನ್ನ ಮಾರಿ ನೋಡೂದಿಲ್ಲ,” ಎಂದಳು ಮಲಕಮ್ಮ. ಆಡಿದ ಮಾತಿಗೆ ತಪ್ಪಲಿಲ್ಲ.

*

ಹಣಮಂತ್ರಾಯನ ಬಾಗಿಲ ಮುಂದೆ ನೆರೆದಿದ್ದ ಜನ ದಾರಿ ಬಿಟ್ಟರು. ಸೆರಗು ಬಿಗಿಯಾಗಿ ಹೊದ್ದ ಖಾಸಿಂಬೀ ನೇರ ರೇಣಮ್ಮನ ಹತ್ತಿರ ಬಂದಳು. ಅವಳ ಕೈಯಲ್ಲಿ ಇನ್ನೂ ಸೆಗಣಿಯ ಹಸಿಯಿತ್ತು.

“ಮಶೀನ್ ಹೊರಗ ಇಟ್ಟೇವಿ. ಪಡಸಾಲಿ ಸಾರಿಸೇನಿ. ಅಕ್ಕನ್ನ ಕರ್ಕೊಂಡು ಬರ್ರಿ. ಆಕಿ ಅಪ್ಪನ ಬಾಗಲದಿಂದನ ಹೋಗಲಿ.”

“ತಲಿ ಕೆಟ್ಟದೇನು?” ಖಂಡಪ್ಪಕಾಕಾ ಸಿಡಿದ. “ಹೊರಗ ಸತ್ತವರನ್ನ ಮನಿ ಒಳಗ ಒಯ್ತಾರೇನು? ಆ ಮನ್ಯಾಗ ಇರೋರಿಗಿ ಕೇಡು.”

“ಇರೋರು ನಾವ ಅದೀವಲ್ರಿ,” ಎಂದಳು ಖಾಸಿಂಬೀ. “ಕಚೇರ್‍ಯಾಗೂ ಹಂಗ ಅಂದಾರ. ಕೇಡು ಬಂದ್ರ ನಮಗ ಬರಲಿ.”

ಕಾಕಾ ಪಕ್ಕಕ್ಕೆ ಸರಿದ. ರೇಣಮ್ಮ ಗಂಡನ ಕಡೆ ನೋಡಿದಳು. ಹಣಮಂತ್ರಾಯ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಎಲ್ಲರಿಗಿಂತ ಮೊದಲು ಸಿದಿಗೆಗೆ ಹೆಗಲು ಕೊಟ್ಟ.

ಆ ಮನೆಯ ಮುಂದೆ ಬಿಸಿಲಿನಲ್ಲಿ ಹೊಲಿಗೆ ಮಶೀನು ನಿಂತಿತ್ತು, ಸೂಜಿಯ ಕೆಳಗೆ ಯಾರದೋ ಅರ್ಧ ಹೊಲಿದ ಅಂಗಿ. ಒಳಗೆ, ಇಪ್ಪತ್ತೈದು ವರ್ಷ ಅದು ಊರಿದ್ದ ನಾಲ್ಕು ಕಾಲಿನ ತಗ್ಗುಗಳ ನಡುವೆ ಮಲಕಮ್ಮನನ್ನು ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದರು. ಬೆಳಗಿನಿಂದ ಕಣ್ಣೀರು ಹಾಕದ ರೇಣಮ್ಮ ಆಗ ಅತ್ತಳು.

“ಬಂದಿ ನೋಡ ಯವ್ವಾ, ನಿನ್ನ ಮನಿಗಿ ಬಂದಿ.”

ಮಲಕಮ್ಮ ಹುಟ್ಟಿದ ಮನೆಯ ಹೊಸ್ತಿಲು ದಾಟಿ ಮಣ್ಣಿಗೆ ಹೊರಟಳು. ಹೆಣ ಎತ್ತಿದ ಜಾಗದಲ್ಲಿ ರೇಣಮ್ಮ ದೀಪ ಹಚ್ಚಿಟ್ಟು ತಡವರಿಸಿದಳು. “ಮೂರು ದಿನ ಆರಬಾರದು… ನಿಮ್ಮ ಮಶೀನು…”

“ಹೊರಗ ಇರ್ತದ ಬಿಡು,” ಎಂದ ಮಕ್ತುಮಸಾಬ.

ಮಣ್ಣು ಕೊಟ್ಟು ಜನ ಹಿಂದಿರುಗುವಾಗ ಮಧ್ಯಾಹ್ನ ಇಳಿದಿತ್ತು. ಹಣಮಂತ್ರಾಯನ ಹಿಂದೆ ಬರುತ್ತಿದ್ದ ರೇಣಮ್ಮ ಆ ಮನೆಯ ಹತ್ತಿರ ನಿಂತಳು. ಮಕ್ತುಮಸಾಬ ಬೀದಿಯಲ್ಲಿ ಕೂತು ಅಂಗಿ ಹೊಲಿಯುತ್ತಿದ್ದ. ಗಾಳಿ ಬೀಸಿದಾಗ ಅವನ ಕಾಲು ತಟ್ಟನೆ ನಿಲ್ಲುತ್ತಿತ್ತು. ಕತ್ತು ತಿರುಗಿಸಿ ಬಾಗಿಲೊಳಗೆ ನೋಡುತ್ತಿದ್ದ. ದೀಪ ಇದೆ ಎಂದು ಕಂಡ ಮೇಲೆ ಮತ್ತೆ ಮಶೀನು ತುಳಿಯುತ್ತಿದ್ದ.