ಹತ್ತನೆಯ ಫಾರಂ

ಎದುರಿನ ಕುರ್ಚಿ ಇನ್ನೂ ಬಾಗಿಲ ಕಡೆಗೇ ಅರ್ಧ ತಿರುಗಿಕೊಂಡಿದೆ, ಎದ್ದು ಹೋದವನು ಅದನ್ನು ಒಳಗೆ ತಳ್ಳಿ ಹೋಗಲಿಲ್ಲ, ಖುಷಿಯಲ್ಲಿ ಎದ್ದವರು ಯಾರೂ ಕುರ್ಚಿ ತಳ್ಳುವುದಿಲ್ಲ, ಬೈಸಿಕೊಂಡು ಎದ್ದವರೇ ಅದನ್ನು ಹುಷಾರಾಗಿ ತಳ್ಳಿ, ಬೆನ್ನು ಬೇರೆ ಸವರಿ ಹೋಗುವುದು — ಇಷ್ಟು ವರ್ಷ ಪಾಠ ಹೇಳಿದವಳಿಗೆ ಇದೂ ತಿಳಿಯದಿದ್ದರೆ ಹೇಗೆ — ಗೋಡೆ ಗಡಿಯಾರದಲ್ಲಿ ನಾಲ್ಕು ಮೂವತ್ತೆಂಟು, ಕೆಳಗೆ ಆಫೀಸಿನ ಕೌಂಟರ್ ಮುಚ್ಚುವುದು ಐದಕ್ಕೆ, ಇನ್ನು ಇಪ್ಪತ್ತೆರಡು ನಿಮಿಷ, ಅವನೀಗ ಮೆಟ್ಟಿಲಿಳಿಯುತ್ತಿರಬಹುದು, ಎರಡೆರಡು ಮೆಟ್ಟಿಲು ಒಟ್ಟಿಗೆ, ಮೂವತ್ತಾರು ವರ್ಷದ ಗಂಡಸು, ಸರಕು ಸಾಗಣೆ ಕಂಪನಿಯಲ್ಲಿ ಯಾವ ಲಾರಿ ಯಾವಾಗ ಹೊರಡಬೇಕೆಂದು ನೋಡಿಕೊಳ್ಳುವವನು, ವಾರದ ಕೊನೆಯ ಎರಡು ದಿನ ಇಲ್ಲಿ ಬಂದು ಹುಡುಗರ ನಡುವೆ ಕೂತು ಎಂಬಿಎ ಓದುವವನು, ಕೈಯಲ್ಲಿ ಎರಡನೇ ವರ್ಷದ ಫಾರಂ, ಯಾವ ಸ್ಪೆಷಲೈಸೇಷನ್, ಯಾವ ಸೆಮಿಸ್ಟರಿನಲ್ಲಿ ಯಾವ ಯಾವ ವಿಷಯ, ಕೆಳಗೆ ಸಲಹೆಗಾರರ ಸಹಿ ಎಂಬಲ್ಲಿ ಅವಳ ಸಹಿ, ಇನ್ನೂ ಶಾಯಿ ಆರಿರಲಿಕ್ಕಿಲ್ಲ, ಐದನೆಯ ಸಾಲಿನಲ್ಲಿ ಅವಳದೇ ವಿಷಯ, ಪ್ರೊಡಕ್ಷನ್ ಪ್ಲ್ಯಾನಿಂಗ್, ಶನಿವಾರ ಬೆಳಗ್ಗೆ ಒಂಬತ್ತರಿಂದ ಹನ್ನೆರಡು. ಅವನು ಹತ್ತನೆಯವನು. ಹತ್ತು ಜನ ಸೇರಿದರೆ ಕ್ಲಾಸು ನಡೆಯುತ್ತದೆ, ಒಂಬತ್ತಾದರೆ ಇಲ್ಲ, ಹೋದ ವರ್ಷ ಏಳೇ ಜನ ಇದ್ದದ್ದು, ಈ ಸಲವೂ ಆಗದಿದ್ದರೆ ಎರಡು ವರ್ಷ ನಡೆಯದ ವಿಷಯಕ್ಕೆ ಗುತ್ತಿಗೆಯ ಮೇಡಂ ಯಾಕೆ ಬೇಕು ಎಂದು ವಿಭಾಗದ ಮುಖ್ಯಸ್ಥರು ಬಾಯಿಬಿಟ್ಟು ಕೇಳಲಿಲ್ಲ, ಕೇಳುವವರೂ ಅಲ್ಲ, ಅವರನ್ನು ಸ್ಟಾಫ್ ರೂಮಿನಲ್ಲಿ ಚಾರ್ಟಪ್ಪ ಎನ್ನುವುದು ಸುಮ್ಮನೆ ಅಲ್ಲ, ಒಂದು ಚಾರ್ಟು ತೆಗೆದು ಮುಂದಿಟ್ಟರು ಅಷ್ಟೆ, ನೋಡಿ ಮೇಡಂ ಇದು ನಾನು ಹೇಳ್ತಿರೋದಲ್ಲ, ಚಾರ್ಟ್ ಹೇಳ್ತಿರೋದು, ನಂಗೇನು ನಿಮ್ಮ ಮೇಲೆ ಕೋಪಾನಾ. ಪಕ್ಕದ ಕೋಣೆಯಲ್ಲಿ ಡೇಟಾ ಅನಾಲಿಟಿಕ್ಸ್‌ಗೆ ಅರವತ್ತನಾಲ್ಕು ಜನ, ಕೂರಲು ಜಾಗವಿಲ್ಲದೆ ಕುರ್ಚಿಗಳನ್ನು ಇವಳ ಕ್ಲಾಸಿನಿಂದಲೇ ಹೊತ್ತುಕೊಂಡು ಹೋಗುತ್ತಾರೆ, ಒಯ್ಯಲಿ, ಖಾಲಿ ಕುರ್ಚಿಗಳಿಗೆ ಪಾಠ ಹೇಳುವುದಕ್ಕಿಂತ ಅದು ಎಷ್ಟೋ ವಾಸಿ ಎಂದು ನಕ್ಕಿದ್ದಳು, ನಗು ಬಂದಿರಲಿಲ್ಲ. ಇವತ್ತು ಬೆಳಗ್ಗೆಯಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಈ ಒಂದು ಫಾರಂಗೆ, ಬಂತು, ಸಹಿಯೂ ಆಯಿತು, ಈಗ ಎದ್ದು ಮುಖ ತೊಳೆದುಕೊಂಡು ಒಂದು ಲೋಟ ಕಾಫಿ ಕುಡಿಯಬಹುದು, ಕಾಲೇ ಬರುತ್ತಿಲ್ಲ.

ಅವನಿಗೆ ಬೇಕಾದದ್ದು ಫೈನಾನ್ಸ್. ಅದು ಅವಳಿಗೆ ಗೊತ್ತಿತ್ತು, ಫಾರಂನ ಮೊದಲ ಸಾಲಿನಲ್ಲೇ ಬರೆದಿದ್ದ, ದಪ್ಪ ಅಕ್ಷರದಲ್ಲಿ, ಮುಂದಿನ ಜೂನ್ ಒಳಗೆ ಸರ್ಟಿಫಿಕೇಟ್ ಕೈಗೆ ಬಂದರೆ ಕಂಪನಿಯ ಹೆಡ್ ಆಫೀಸಿನಲ್ಲಿ ಲೆಕ್ಕಪತ್ರ ವಿಭಾಗದ ಜಾಗ ಅವನದು, ಬರದಿದ್ದರೆ ಬೇರೊಬ್ಬ ಕಾದು ಕೂತಿದ್ದಾನೆ, ಹೆಡ್ ಆಫೀಸಿರುವ ಊರಿನ ಆಸ್ಪತ್ರೆಯಲ್ಲಿ ಅವನ ಹೆಂಡತಿ ಲ್ಯಾಬ್ ಕೆಲಸದಲ್ಲಿದ್ದಾಳೆ, ಏಳು ವರ್ಷದ ಮಗಳು ಅಲ್ಲೇ ಶಾಲೆಗೆ ಹೋಗುತ್ತಾಳೆ, ಇವನು ಮೂರು ವರ್ಷದಿಂದ ಇಲ್ಲಿ ಒಂದು ಕೋಣೆಯಲ್ಲಿ ಒಬ್ಬನೇ, ತಿಂಗಳಿಗೊಮ್ಮೆ ಹೋಗಿ ಬರುತ್ತಾನೆ, ಈಗ ಮಗಳು ಬಾಗಿಲು ತೆಗೆದ ತಕ್ಷಣ ಚಪ್ಪಲಿ ಬಿಡೋಕೂ ಬಿಡಲ್ಲ ಮೇಡಂ, ಎಷ್ಟ್ ದಿನ ಇರ್ತೀಯಪ್ಪಾ ಅಂತ ಕೇಳ್ತಾಳೆ, ಎರಡು ದಿನ ಅಂದ್ರೆ ಆಮೇಲೆ ಒಳಗೆ ಬಿಡ್ತಾಳೆ — ತಮಾಷೆ ಎಂಬಂತೆ ಹೇಳಿದ, ಅವಳೂ ನಕ್ಕಳು, ನಗುತ್ತಲೇ ಟೈಮ್‌ಟೇಬಲಿನ ಮೇಲೆ ಬೆರಳಾಡಿಸುತ್ತಿದ್ದಳು, ಬೆರಳು ಶನಿವಾರದ ಒಂಬತ್ತು ಗಂಟೆಗೆ ಬಂದು ನಿಂತಿತು. ಅದೇ ಹೊತ್ತಿಗೆ ಇನ್ವೆಸ್ಟ್‌ಮೆಂಟ್ ಅನಾಲಿಸಿಸ್. ಅದನ್ನು ಈ ಸೆಮಿಸ್ಟರಿನಲ್ಲಿ ಓದಿ ಪಾಸಾಗದವರಿಗೆ ಕೊನೆಯ ಸೆಮಿಸ್ಟರಿನ ಫೈನಾನ್ಸ್ ವಿಷಯಗಳಿಗೆ ಪ್ರವೇಶವಿಲ್ಲ, ಪ್ರವೇಶವಿಲ್ಲದಿದ್ದರೆ ಸ್ಪೆಷಲೈಸೇಷನ್ ಇಲ್ಲ, ಇನ್ನೊಂದು ವರ್ಷ ಕಾಯಬೇಕು, ಮೊದಲು ಅದನ್ನು ವರ್ಷಕ್ಕೆರಡು ಸಲ ಹೇಳಿಕೊಡುತ್ತಿದ್ದರು, ಹಳೆಯ ಕೈಪಿಡಿಯಲ್ಲಿ ಹಾಗೇ ಇದೆ, ಇನ್ನು ಮೇಲೆ ಒಂದೇ ಸಲ ಎಂದು ಮೂರು ವಾರದ ಹಿಂದೆ ಬಂದ ಸುತ್ತೋಲೆಯ ಬಾಲದಲ್ಲಿ ಇರುವೆಯಂಥ ಅಕ್ಷರದಲ್ಲಿ ಹಾಕಿದ್ದಾರೆ, ಅದನ್ನು ಓದುವವರು ಯಾರು, ಸಲಹೆಗಾರರು ಓದಬೇಕು, ಅವಳು ಓದಿದ್ದಳು. ಅವನು ಕೇಳಿದನಲ್ಲ, ಕೇಳಲಿಲ್ಲ ಎಂದು ಹೇಳುವ ಹಾಗೂ ಇಲ್ಲ, ಇನ್ವೆಸ್ಟ್‌ಮೆಂಟ್ ಮುಂದಿನ ಸೆಮಿಸ್ಟರ್‌ಗೆ ಇಟ್ಕೊಂಡ್ರೆ ತೊಂದ್ರೆ ಇಲ್ವಲ್ಲಾ ಮೇಡಂ, ಎಂದು. ಆಗ ಅವಳು ಬಗ್ಗಿ ಡ್ರಾಯರ್ ಎಳೆದು ಪೆನ್ನು ಹುಡುಕತೊಡಗಿದಳು. ಪೆನ್ನು ಮೇಜಿನ ಮೇಲೇ ಇತ್ತು. ಡ್ರಾಯರಿನಲ್ಲಿ ಒಣಗಿದ ಮಾರ್ಕರುಗಳು, ಒಂದು ಬಾಚಣಿಗೆ, ಹಳೆಯ ಚೀಟಿಗಳು, ಅವನ್ನೆಲ್ಲ ಒಂದೊಂದಾಗಿ ಸರಿಸುತ್ತಾ ಕೂತಳು, ಎಷ್ಟು ಹೊತ್ತು, ಹತ್ತು ಸೆಕೆಂಡು ಇರಬಹುದು, ತಲೆ ಎತ್ತಿದಾಗ ಅವನು ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು ಆಗಲೇ ಸಹಿ ಮಾಡುತ್ತಿದ್ದ, ಫಾರಂ ನೋಡದೆ, ಅವಳ ಮುಖ ನೋಡುತ್ತಾ, ನೀವು ನೋಡಿದ್ದೀರಲ್ಲಾ ಮೇಡಂ, ಸಾಕು.

ಉಳಿದ ಒಂಬತ್ತು ಜನರೂ ಎರಡೆರಡು ಸಲ ಓದಿ ಸಹಿ ಮಾಡಿದರು, ಒಬ್ಬಳಂತೂ ಮನೆಗೆ ಫೋನ್ ಮಾಡಿ ಅಕ್ಕನನ್ನು ಕೇಳಿ ಬಂದಳು, ಇವನೊಬ್ಬ ಯಾಕೆ ಹೀಗೆ, ದೊಡ್ಡವನಲ್ಲವೇ, ಲಾರಿಗಳ ಕಾಗದಪತ್ರ ದಿನವೂ ನೋಡುವವನು ತನ್ನ ಕಾಗದ ನೋಡಬಾರದೇ, ನೋಡದಿದ್ದದ್ದು ಅವನ ತಪ್ಪು — ಅವನ ತಪ್ಪಂತೆ, ಥೂ, ಎಂಥ ಮಾತು. ಅವನು ಅವಳ ವಿಷಯ ಆರಿಸಿಕೊಂಡದ್ದು ತೋರಿಕೆಗಲ್ಲ, ಅದೂ ನಿಜ, ಹೋದ ಸೆಮಿಸ್ಟರಿನಲ್ಲಿ ಅವಳು ಒಂದೇ ಒಂದು ದಿನ ಬೇರೆಯವರ ಬದಲಿಗೆ ಹೋಗಿ ಪಾಠ ಮಾಡಿದ್ದಳು, ಕಾಯುವವರ ಸಾಲು ಯಾಕೆ ಬೆಳೆಯುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಮುಂದಿನ ವಾರ ಅವನು ಓಡಿಬಂದು, ನಮ್ಮಲ್ಲಿ ಲಾರಿಗಳು ಕಾಯೋದು ಅರ್ಧಕ್ಕರ್ಧ ಇಳೀತು ಮೇಡಂ, ನೀವು ಹೇಳ್ದಂಗೇ ಮಾಡ್ದೆ — ಆ ದಿನ ಮನೆಗೆ ಹೋಗಿ ಅದನ್ನು ಅತ್ತಿಗೆಗೆ ಹೇಳಿದ್ದಳು, ಅತ್ತಿಗೆ ಬಟ್ಟೆ ಮಡಿಸುತ್ತಾ ಹೌದಾ ಎಂದಿದ್ದಳು. ಅತ್ತಿಗೆ ಕೆಟ್ಟವಳಲ್ಲ, ಅಣ್ಣನೂ ಅಲ್ಲ, ಮಹಡಿಯ ಕೋಣೆ ಕೊಟ್ಟಿದ್ದಾರೆ, ಇನ್ನೆಷ್ಟು ದಿನ ಅಂತ ದುಡೀತೀರಾ, ಮನೇಲಿರಿ, ಮೊಮ್ಮಕ್ಕಳು ನಿಮ್ಮನ್ನ ಕಂಡ್ರೆ ಪ್ರಾಣ ಬಿಡ್ತವೆ ಎನ್ನುತ್ತಾಳೆ ಅತ್ತಿಗೆ, ಆ ಮೊಮ್ಮಕ್ಕಳು ಬರುವುದೇ ವರ್ಷಕ್ಕೊಂದು ಸಲ, ಉಳಿದ ದಿನ ಏನು ಮಾಡುವುದು, ಬಟ್ಟೆ ಮಡಿಸುವುದು, ಇಬ್ಬರೂ ಎದುರುಬದುರು ಕೂತು ಒಂದು ಚಾದರದ ನಾಲ್ಕು ಮೂಲೆ ಹಿಡಿದು ಮಡಿಸುವುದು. ಐವತ್ತೇಳಕ್ಕೆ ಹೊಸದಾಗಿ ಎಲ್ಲಿಗೆ ಹೋಗಿ ಕೆಲಸ ಕೇಳಲಿ, ಯಾರ ಎದುರು ಕೂತು ನಿಮ್ಮ ಅನುಭವ ಹೇಳಿ ಎನ್ನಿಸಿಕೊಳ್ಳಲಿ, ಅಷ್ಟು ಶಕ್ತಿ ಇಲ್ಲ, ನಿಜವಾಗಿಯೂ ಇಲ್ಲ, ದಣಿವು ಮೈಗೆ ಬಂದದ್ದಾದರೆ ಮಲಗಿ ಕಳೆಯಬಹುದು. ಬಾಟಲಿ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಪಾಳಿ ಮೇಲ್ವಿಚಾರಕಿಯಾಗಿದ್ದಾಗ ಇಷ್ಟು ದಣಿದಿರಲಿಲ್ಲ, ಸೆಖೆ, ಗದ್ದಲ, ಕಾಲಡಿ ಗಾಜಿನ ಚೂರು, ಆದರೂ ಬಾಟಲಿಯ ಕತ್ತಿನಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಕೈ ತಾನಾಗಿ ಮೇಲೆದ್ದು ಮೇಲೆ ತೂಗುವ ಹಗ್ಗ ಜಗ್ಗುತ್ತಿತ್ತು, ಬಾಟಲಿ ಸಾಗುವ ಇಡೀ ಲೈನು ನಿಲ್ಲುತ್ತಿತ್ತು, ಮ್ಯಾನೇಜರು ಕೂಗಾಡುತ್ತಿದ್ದ, ಕೂಗಾಡಲಿ. ಪಾಠ ನಡೆದ ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಅದನ್ನೇ ಹೇಳುತ್ತಾಳೆ, ದೋಷ ಕಂಡವರು ಯಾರೇ ಆಗಿರಲಿ, ಕಸ ಗುಡಿಸುವವರೇ ಆಗಿರಲಿ, ಲೈನ್ ನಿಲ್ಲಿಸಬೇಕು, ಕಂಡೂ ಸುಮ್ಮನಿದ್ದರೆ ಆ ಬಾಟಲಿ ಯಾರದೋ ಕೈಯಲ್ಲಿ ಒಡೆಯುತ್ತದೆ, ಈ ಸಲವೂ ಹೇಳಬೇಕು, ಹತ್ತು ಜನರ ಎದುರು, ಎರಡನೆಯ ಸಾಲಿನಲ್ಲಿ ಅವನು ಕೂತಿರುತ್ತಾನೆ, ಬರೆದುಕೊಳ್ಳುತ್ತಾನೆ. ನಾಚಿಕೆಯಾಗುತ್ತಿದೆ, ಇದಕ್ಕೆ ಬೇರೆ ಹೆಸರಿಲ್ಲ, ನಾಚಿಕೆಯೇ, ಕಿವಿಯ ತನಕ ಬಿಸಿ ಏರಿದೆ, ನಾಲ್ಕು ಐವತ್ತೊಂದು.

ಅವನ ನಂಬರು ಇಲ್ಲೇ ಇದೆ, ಅವಳ ಬಳಿ ಉಳಿದ ಪ್ರತಿಯ ಮೇಲೆ, ಫೋನ್ ಮಾಡಿದರೆ ಮುಗಿಯಿತು, ಒಂದೇ ಮಾತು, ಫಾರಂ ಕೊಡಬೇಡಿ ಮೇಲೆ ಬನ್ನಿ, ಐದನೆಯ ಸಾಲು ಹೊಡೆದುಹಾಕಿ ಬೇರೆ ಬರೆದರೆ ಎರಡು ನಿಮಿಷದ ಕೆಲಸ, ಅವನು ಬೇಸರ ಮಾಡಿಕೊಳ್ಳುವವನೂ ಅಲ್ಲ, ಆಮೇಲೆ ಒಂಬತ್ತು, ಆಮೇಲೆ ಚಾರ್ಟಪ್ಪ, ಆಮೇಲೆ ಚಾದರ. ಅಥವಾ ಒಂದು ವರ್ಷ ಏನು ಮಹಾ, ಮೂರು ವರ್ಷ ಕಾದವನು ಇನ್ನೊಂದು ವರ್ಷ ಕಾಯಲಾರನೇ, ಮಗಳಿಗೆ ಎಂಟಾಗುತ್ತದೆ, ಎಂಟು ವರ್ಷದವರು ಬಾಗಿಲಲ್ಲಿ ನಿಲ್ಲಿಸಿ ಕೇಳುವುದಿಲ್ಲ, ಕೇಳುವುದನ್ನೇ ಬಿಟ್ಟುಬಿಡುತ್ತಾರೆ — ಬೆರಳು ನಂಬರು ಒತ್ತಿದೆ, ಯಾವಾಗ ಒತ್ತಿತೋ, ಅತ್ತ ರಿಂಗಾಗುತ್ತಿದೆ, ತೆಗೆಯದಿದ್ದರೆ ಸಾಕು ದೇವರೇ, ತೆಗೆದ. ಹಲೋ ಮೇಡಂ, ಹೇಳಿ ಮೇಡಂ. ಹಿಂದೆ ಜನರ ಗಲಗಲ, ಸೀಲು ಒತ್ತುವ ಸದ್ದು, ನಂಗಿಂತ ಮುಂದೆ ಇನ್ನಿಬ್ರು ಇದಾರೆ ಮೇಡಂ, ಆಗೋಗುತ್ತೆ, ಎಂದು ಅವನೇ ಸಮಾಧಾನ ಹೇಳುತ್ತಿದ್ದಾನೆ, ಮಾತು ಅವಳ ನಾಲಿಗೆಯ ತುದಿಗೆ ಬಂದಿದೆ, ಬಾಯಿ ತೆರೆದಿದೆ, ಇನ್ವೆಸ್ಟ್‌ಮೆಂಟ್ ಎಂಬುದರ ಮೊದಲ ಅಕ್ಷರಕ್ಕೆ ತುಟಿ ಅಗಲವಾಗಿದೆ, ಅವಳ ದನಿ ಅವಳಿಗೇ ಕೇಳಿಸಿತು, ಎಷ್ಟು ನಿರಾಳವಾದ ದನಿ, ಪಾಠ ಹೇಳುವ ದನಿ, ಏನಿಲ್ಲ, ಫೋಟೊ ಅಂಟಿಸಿದ್ದೀರಾ ಅಂತ ಕೇಳೋಣ ಅಂತ ಮಾಡ್ದೆ. ಇರಿ ನೋಡ್ತೀನಿ, ಎಂದ, ಕಾಗದ ಸರಪರ ಎಂದಿತು, ಅವನೀಗ ಫಾರಂ ನೋಡುತ್ತಿದ್ದಾನೆ, ಸಹಿ ಮಾಡಿದ ಮೇಲೆ ಮೊದಲ ಸಲ ನೋಡುತ್ತಿದ್ದಾನೆ, ಸ್ವಲ್ಪ ಕೆಳಗೆ ನೋಡು, ಐದನೆಯ ಸಾಲು ನೋಡು, ನೋಡಿ ಕೇಳು, ಇನ್ನೊಂದು ಸಲ ಕೇಳು, ಈ ಸಲ ಹೇಳಿಬಿಡುತ್ತೇನೆ — ಅಂಟಿಸಿದೆ ಮೇಡಂ, ಮೇಲಿನ ಮೂಲೇಲೇ ಇದೆ, ಥ್ಯಾಂಕ್ಸ್ ಮೇಡಂ, ಇಷ್ಟೆಲ್ಲಾ ಯಾರು ನೆನಪಿಟ್ಕೊಂಡು ಕೇಳ್ತಾರೆ, ನಮ್ಮನೆಯವಳಿಗೂ ಈಗ್ಲೇ ಫೋನ್ ಮಾಡಿ ಹೇಳ್ದೆ, ಜೂನ್‌ಗೆ ಬಂದೇಬಿಡ್ತೀನಿ ಅಂತ. ಫೋನಿಟ್ಟ. ಅವಳು ಇನ್ನೂ ಕಿವಿಗೆ ಹಿಡಿದೇ ಇದ್ದಾಳೆ, ಇನ್ನೂ ಆರು ನಿಮಿಷ ಇದೆ, ಐದು, ಮತ್ತೆ ಮಾಡಬಹುದು, ಇನ್ನಿಬ್ಬರಿದ್ದರು, ಒಬ್ಬರು ಮುಗಿದಿರಬಹುದು, ಕೈಯಲ್ಲೇ ಫೋನು ನಡುಗಿತು, ಕೌಂಟರಿನ ಗುಮಾಸ್ತೆಯ ಸಂದೇಶ, ಹತ್ತು ಆಯ್ತು ಮೇಡಂ, ಇನ್ನು ನೆಮ್ಮದಿಯಾಗಿರಿ, ನೆಮ್ಮದಿ, ಕಣ್ಣ ಮುಂದೆ ಮತ್ತೆ ಅವನು ಪೆನ್ನು ಹಿಡಿದಿದ್ದಾನೆ, ಫಾರಂ ನೋಡುತ್ತಿಲ್ಲ, ಅವಳು ಡ್ರಾಯರಿನಿಂದ ತಲೆ ಎತ್ತುತ್ತಾಳೆ, ಅವನು ಅವಳ ಮುಖ ನೋಡುತ್ತಾ ಸಹಿ ಮಾಡುತ್ತಿದ್ದಾನೆ, ತಲೆ ಎತ್ತುತ್ತಾಳೆ, ಮುಖ ನೋಡುತ್ತಾ ಸಹಿ ಮಾಡುತ್ತಿದ್ದಾನೆ, ಮುಖ ನೋಡುತ್ತಾ